ಉಳಿ ಕೆಳಗಿಟ್ಟು ಬರೆಯಲು ಕೂರುವ ಮುಂಚೆ: ಕಾಯಿಲೆ ಬಿದ್ದ ಶಿಲ್ಪಿಗಳಿಗೆ ಒಂದು ಕೈಪಿಡಿ

ಕಲ್ಲಿನ ಕೆಲಸದಲ್ಲಿ ಹೆಸರು ಮಾಡಿ, ಆರ್ಡರ್‌ಗಳು ಸಾಲಾಗಿ ನಿಂತಿರುವಾಗಲೇ ಎದೆ ಕೈಕೊಟ್ಟು, ಇನ್ನು ಕೆತ್ತುವುದು ಸಾಕು ಬರೆಯೋಣ ಅಂದುಕೊಂಡಿರುವವರಿಗಾಗಿ ಇದು. ನಾನು ಅದೇ ದಾರಿಯಲ್ಲಿ ಬಂದವನು. ಮೈಸೂರಿನ ಹತ್ತಿರ ನನ್ನದೊಂದು ಶೆಡ್ ಇತ್ತು. ಕೃಷ್ಣಶಿಲೆಯ ವಿಗ್ರಹ, ಪ್ರಭಾವಳಿ, ಗರ್ಭಗುಡಿಯ ಬಾಗಿಲವಾಡ ಎಲ್ಲ ಮಾಡುತ್ತಿದ್ದೆವು. ಮುಂಗಡ ಕೊಟ್ಟು ಕಾಯುವ ದೇವಸ್ಥಾನ ಸಮಿತಿಗಳೂ ಇದ್ದವು. ಮೊದಲು ಟಿಬಿ ಬಂತು. ಮಾತ್ರೆ ಮುಗಿದ ಮೇಲೂ ಮೆಟ್ಟಿಲು ಹತ್ತಲು ಆಗದಿದ್ದಾಗ ಸಿ.ಟಿ. ಸ್ಕ್ಯಾನ್ ಮಾಡಿದರು, ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದು ಗೊತ್ತಾಯಿತು. ಈಗ ಬರೆಯುತ್ತೇನೆ.

ಈ ಬದಲಾವಣೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವವರು ಸಿಗುವುದು ಕಷ್ಟ. ಡಾಕ್ಟರ್ ಎದೆಯ ಬಗ್ಗೆ ಹೇಳುತ್ತಾರೆ, ಬರೆಯುವವರು ಬರಹದ ಬಗ್ಗೆ ಹೇಳುತ್ತಾರೆ, ಶೆಡ್‌ನಲ್ಲಿ ಅರ್ಧ ಕೆತ್ತಿ ಮಲಗಿಸಿರುವ ವೇಣುಗೋಪಾಲನನ್ನು ಏನು ಮಾಡಬೇಕು ಅಂತ ಇಬ್ಬರೂ ಹೇಳುವುದಿಲ್ಲ. ಮರಗೆಲಸದವರಿಗೆ, ಅಕ್ಕಸಾಲಿಗರಿಗೆ, ನೇಕಾರರಿಗೆ ಕೂಡ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಆದರೆ ನನಗೆ ಚೆನ್ನಾಗಿ ಗೊತ್ತಿರುವುದು ಕಲ್ಲು. ಅದನ್ನೇ ಹೇಳುತ್ತೇನೆ.

ಎರಡು ತೀರ್ಮಾನಗಳನ್ನು ಒಂದೇ ಗಂಟು ಹಾಕಬೇಡಿ

ಧೂಳು ಬಿಡುವುದು ಒಂದು ತೀರ್ಮಾನ. ಬರಹಗಾರ ಆಗುವುದು ಬೇರೆಯೇ ತೀರ್ಮಾನ. ಮೊದಲನೆಯದನ್ನು ಇವತ್ತೇ ಮಾಡಬೇಕು. ಎರಡನೆಯದು ಆರು ತಿಂಗಳು ಕಾದರೂ ನಡೆಯುತ್ತದೆ.

ಇವತ್ತೇ ಯಾಕೆ ಅಂತ ಹೇಳುತ್ತೇನೆ. ಒಣ ಕಲ್ಲಿನ ಮೇಲೆ ಗ್ರೈಂಡರ್ ಓಡಿದಾಗ ಏಳುತ್ತದಲ್ಲ, ಆ ಬಿಳಿ ಮೋಡ ನಮಗೆ ಕಾಣುತ್ತದೆ, ಬಟ್ಟೆ ಕೊಡವಿಕೊಂಡು ಸುಮ್ನೆ ಆಗುತ್ತೇವೆ. ನಿಜವಾದ ಅಪಾಯ ಕಣ್ಣಿಗೆ ಕಾಣದ ಕಣಗಳದ್ದು. 5 ಮೈಕ್ರಾನ್‌ಗಿಂತ ಸಣ್ಣ ಸಿಲಿಕಾ ಕಣ ಶ್ವಾಸಕೋಶದ ತಳದವರೆಗೆ ಹೋಗಿ ಅಲ್ಲೇ ಉಳಿಯುತ್ತದೆ, ಅದರ ಸುತ್ತ ಗಂಟು ಕಟ್ಟುತ್ತದೆ, ಆ ಜಾಗ ಮತ್ತೆ ಉಸಿರಿಗೆ ಬಳಕೆ ಆಗುವುದಿಲ್ಲ. ಸಾಮಾನ್ಯವಾಗಿ 10 ವರ್ಷ ಕೆಲಸ ಮಾಡಿದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಧೂಳು ಜಾಸ್ತಿ ಇದ್ದರೆ 5 ವರ್ಷಕ್ಕೇ ಬರಬಹುದು. ವಾಸಿ ಮಾಡುವ ಔಷಧಿ ಇಲ್ಲ. ಧೂಳು ಬಿಟ್ಟ ಮೇಲೂ ಒಂದಷ್ಟು ಮುಂದುವರಿಯುವುದುಂಟು, ಬಿಡದಿದ್ದರೆ ಮಾತ್ರ ಇನ್ನೂ ಬೇಗ ಕೆಡುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ.

ನಮ್ಮಲ್ಲಿ ಒಂದು ಮಾತು ಓಡಾಡುತ್ತದೆ: "ನಾವು ಮಾಡೋದು ಮೆತ್ತನೆ ಕಲ್ಲು, ಗ್ರಾನೈಟ್‌ನವರಿಗೆ ಮಾತ್ರ ಇದೆಲ್ಲ." ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್, ಅಂದರೆ ಈ ಸಿಲಿಕಾ, ಶೇ 20ಕ್ಕಿಂತ ಮೇಲೇ ಇರುತ್ತದೆ, ಬಳಪದ ಕಲ್ಲಿನಲ್ಲಿ ಬಹಳ ಕಡಿಮೆ, ಅದು ನಿಜ. ಆದರೆ ಅದೇ ಶೆಡ್‌ನಲ್ಲಿ ಪೀಠಕ್ಕೆ, ಮೆಟ್ಟಿಲಿಗೆ, ಕಂಬಕ್ಕೆ ಗ್ರಾನೈಟ್ ಕತ್ತರಿಸುತ್ತೇವೆ ಅಲ್ವಾ? ಪಕ್ಕದಲ್ಲಿ ಕೂತು ವಿಗ್ರಹದ ಬೆರಳು ಬಿಡಿಸುವವನೂ ಅದನ್ನೇ ಉಸಿರಾಡುತ್ತಾನೆ.

ಡಾಕ್ಟರ್ ಹತ್ತಿರ ಹೋದಾಗ ಏನು ಕೆಲಸ ಅಂತ ಕೇಳಿದರೆ "ಬಿಸಿನೆಸ್" ಅನ್ನಬೇಡಿ. ಕಲ್ಲು ಕೆತ್ತುತ್ತೇನೆ, ಇಷ್ಟು ವರ್ಷದಿಂದ, ದಿನಕ್ಕೆ ಇಷ್ಟು ಹೊತ್ತು ಗ್ರೈಂಡರ್, ನೀರು ಹಾಕದೆ ಕತ್ತರಿಸುತ್ತಿದ್ದೆ, ಮಾಸ್ಕ್ ಇರಲಿಲ್ಲ, ಹೀಗೆ ಬಿಡಿಸಿ ಹೇಳಿ. ಎಕ್ಸ್‌ರೇಯಲ್ಲಿ ಟಿಬಿ ಮತ್ತು ಸಿಲಿಕೋಸಿಸ್ ಎರಡೂ ಒಂದನ್ನೊಂದು ಹೋಲುವುದುಂಟು. ಕೆಲಸದ ಚರಿತ್ರೆ ಗೊತ್ತಿಲ್ಲದಿದ್ದರೆ ಡಾಕ್ಟರ್‌ಗೆ ಬೇರೆ ಮಾಡುವುದು ಕಷ್ಟ. ಉಸಿರು ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆಯ ಕಾಗದ, ಸ್ಕ್ಯಾನ್ ಸಿ.ಡಿ. ಎಲ್ಲ ಒಂದು ಫೈಲ್‌ನಲ್ಲಿ ಇಡಿ. ಬೀಡಿ, ಸಿಗರೇಟ್ ಇದ್ದರೆ ಅದೂ ಇವತ್ತೇ ನಿಲ್ಲಬೇಕು. ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿಕೊಳ್ಳಬಹುದಾ ಅಂತ ನೀವೇ ಕೇಳಿ. ಟಿಬಿ ಇದ್ದರೆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಜೊತೆಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಹೆಸರು ನೋಂದಾಯಿಸಿದ್ದಾರಾ ಅಂತ ವಿಚಾರಿಸಿಕೊಳ್ಳಿ, ನಾಚಿಕೆ ಬೇಡ.

ಇನ್ನು ಎರಡನೆಯ ತೀರ್ಮಾನ. ಹಾಸಿಗೆಯಲ್ಲಿ ಮಲಗಿದಾಗ ಎಲ್ಲರಿಗೂ ಬರೆಯಬೇಕು ಅನ್ನಿಸುತ್ತದೆ. ಕೈಗೆ ಕೆಲಸವಿಲ್ಲ, ತಲೆ ತುಂಬ ನೆನಪು, ಸಾವಿನ ಭಯ ಬೇರೆ. ಆ ಆಸೆ ಸುಳ್ಳಲ್ಲ, ಆದರೆ ಅದು ಬದುಕಿನ ತೀರ್ಮಾನಕ್ಕೆ ಸಾಲುವಷ್ಟು ಗಟ್ಟಿಯಾ ಅಂತ ಆಗಲೇ ಗೊತ್ತಾಗುವುದಿಲ್ಲ. ಮೈ ಸ್ವಲ್ಪ ಚೇತರಿಸಿಕೊಂಡು, ಜನ ನೋಡಲು ಬರುವುದು ಕಡಿಮೆಯಾಗಿ, ದಿನಗಳು ಮಾಮೂಲಿ ಆದ ಮೇಲೂ ದಿನಾ ಬೆಳಿಗ್ಗೆ ಒಂದು ಪುಟ ಬರೆಯಲು ಮನಸ್ಸು ಎಳೆಯುತ್ತದಾ ನೋಡಿ. ಬರೆದದ್ದು ಚೆನ್ನಾಗಿದೆಯಾ ಅಂತ ನೋಡಬೇಡಿ. ನಾಳೆ ಮತ್ತೆ ಕೂರುತ್ತೀರಾ ಅನ್ನುವುದೊಂದೇ ಈಗ ನೋಡಬೇಕಾದದ್ದು.

ಒಪ್ಪಿಕೊಂಡ ವಿಗ್ರಹಗಳು

ನಮ್ಮ ಕಸುಬಿನಲ್ಲಿ ಕೆಲಸ ನಿಲ್ಲಿಸುವುದು ಅಂಗಡಿ ಬಾಗಿಲು ಹಾಕಿದಷ್ಟು ಸುಲಭ ಅಲ್ಲ. ಪ್ರತಿಷ್ಠೆಗೆ ಮುಹೂರ್ತ ಇಟ್ಟಿರುತ್ತಾರೆ, ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ, ಸ್ವಾಮೀಜಿಗಳ ದಿನಾಂಕ ತೆಗೆದುಕೊಂಡಿರುತ್ತಾರೆ. ಹಾಗಾಗಿ ಮೊದಲು ಒಂದು ನೋಟ್‌ಬುಕ್‌ನಲ್ಲಿ ಎಲ್ಲ ಆರ್ಡರ್‌ಗಳನ್ನು ಮುಹೂರ್ತದ ಕ್ರಮದಲ್ಲಿ ಬರೆಯಿರಿ, ದುಡ್ಡಿನ ಕ್ರಮದಲ್ಲಿ ಅಲ್ಲ.

ಕಲ್ಲೇ ಆರಿಸದ ಕೆಲಸಗಳನ್ನು ಮೊದಲು ವಾಪಸ್ ಮಾಡಿ. ಮುಂಗಡ ಪೂರ್ತಿ ಹಿಂದಿರುಗಿಸಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಅವರಿಗೆ ಸಮಯ ಇರುವಾಗಲೇ ಹೇಳಿದರೆ ಬೇರೆ ಶಿಲ್ಪಿಯನ್ನು ಹುಡುಕಿಕೊಳ್ಳುತ್ತಾರೆ, ಮನಸ್ತಾಪ ಬರುವುದಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ಒಳ್ಳೆಯ ಶಿಲ್ಪಿಗಳಿದ್ದಾರೆ, ನೀವೇ ಒಬ್ಬಿಬ್ಬರನ್ನು ಸೂಚಿಸಿದರೆ ಇನ್ನೂ ಒಳ್ಳೆಯದು.

ಮುಗಿಯುತ್ತಾ ಬಂದ ವಿಗ್ರಹವೂ ದೊಡ್ಡ ಸಮಸ್ಯೆ ಅಲ್ಲ. ಕಷ್ಟ ಇರುವುದು ಅರ್ಧ ಆದದ್ದರಲ್ಲಿ. ಅಳತೆ ಬಿದ್ದಿದೆ, ಮೈ ಬಿಡಿಸಿದೆ, ಮುಖ ಇನ್ನೂ ಬಂದಿಲ್ಲ. ಸಮಿತಿಯವರು ಬಂದು "ಶಿಲ್ಪಿಗಳೇ, ಮುಖ ಮಾತ್ರ ನಿಮ್ಮ ಕೈಯಿಂದಲೇ ಆಗಬೇಕು" ಅನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿ ಇದೆ, ಅದಕ್ಕೇ ಅದನ್ನು ದಾಟುವುದು ಕಷ್ಟ. ಹಿರಿಯ ಶಿಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತಾಡಿ. ಅವನು ಹಿಂದೆ ಮಾಡಿದ ಮುಖಗಳ ಫೋಟೋ ತೋರಿಸಿ. ನಿಮ್ಮ ಶೆಡ್‌ನಿಂದ ಹೊರಟ ಎಷ್ಟೋ ವಿಗ್ರಹಗಳಲ್ಲಿ ಅವನ ಕೈ ಇದೆ ಅನ್ನುವುದನ್ನು ಎಲ್ಲರ ಮುಂದೆ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ನೀವು ಪೂರ್ಣ ಅಳತೆಯ ರೇಖಾಚಿತ್ರ ಬರೆದುಕೊಡಿ, ಬೇಕಾದರೆ ಹಸಿ ಮಣ್ಣಿನಲ್ಲಿ ಮುಖದ ಮಾದರಿ ಮಾಡಿಕೊಡಿ. ಆದರೆ ಎಚ್ಚರ, ಒಣಗಿದ ಮಣ್ಣಿನ ಪುಡಿಯಲ್ಲೂ ಸಿಲಿಕಾ ಇರುತ್ತದೆ, ಆ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಪೊರಕೆ ಹಿಡಿಯಬಾರದು.

ಪ್ರತಿಷ್ಠೆಯ ಹೊತ್ತಿನ ನೇತ್ರೋನ್ಮೀಲನಕ್ಕೆ, ಅಂದರೆ ವಿಗ್ರಹದ ಕಣ್ಣು ತೆರೆಸಲು ಕರೆದರೆ, ಡಾಕ್ಟರ್ ಒಪ್ಪಿದರೆ ಹೋಗಿ. ಅದು ಸೂಕ್ಷ್ಮವಾದ ಒಂದು ಗೆರೆಯ ಕೆಲಸ, ಗ್ರೈಂಡರ್ ಇಲ್ಲ, ಧೂಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಮಿತಿಯವರ ಮನಸ್ಸಿಗೂ ಸಮಾಧಾನ, ನಿಮ್ಮ ಮನಸ್ಸಿಗೂ.

ಒಪ್ಪಂದ ಬದಲಾಯಿಸಿದ್ದನ್ನು ಬರವಣಿಗೆಯಲ್ಲಿ ಕೊಡಿ. ಹೀಗೆ ಬರೆದರೆ ಸಾಕು: "ನನ್ನ ಶ್ವಾಸಕೋಶದ ಕಾಯಿಲೆಯಿಂದ ಕಲ್ಲಿನ ಧೂಳಿನಲ್ಲಿ ಕೆಲಸ ಮಾಡಬಾರದು ಎಂದು ವೈದ್ಯರು ಹೇಳಿದ್ದಾರೆ. ತಮ್ಮ ವಿಗ್ರಹವನ್ನು ನನ್ನ ರೇಖಾಚಿತ್ರ ಮತ್ತು ಮೇಲ್ವಿಚಾರಣೆಯಲ್ಲಿ ಇಂಥವರು ಪೂರ್ಣಗೊಳಿಸುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಆಗಿರುವ ಕೆಲಸದ ಖರ್ಚು ಕಳೆದು ಉಳಿದ ಹಣ ಇಂಥ ತಾರೀಖಿನೊಳಗೆ ಹಿಂದಿರುಗಿಸುತ್ತೇನೆ." ಬರೆಯಬೇಕು ಎಂಬ ಆಸೆಯ ವಿಷಯ ಈ ಪತ್ರದಲ್ಲಿ ಬೇಡ. ಕಾಯಿಲೆ ಎಂದರೆ ಜನ ಒಪ್ಪುತ್ತಾರೆ, ಬರೆಯಲು ಹೋಗುತ್ತಾನೆ ಎಂದರೆ ಕೆಲಸ ತಪ್ಪಿಸಿಕೊಂಡ ಅನ್ನುತ್ತಾರೆ.

ಶೆಡ್ಡು, ಹುಡುಗರು, ಯಂತ್ರಗಳು

ಶೆಡ್ ಮುಚ್ಚುವ ಮುಂಚೆ ಅಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಎಕ್ಸ್‌ರೇ ಮಾಡಿಸಿ. ಖರ್ಚು ನೀವೇ ಹಾಕಿಕೊಳ್ಳಿ. ಇದರಲ್ಲಿ ಚೌಕಾಸಿ ಇಲ್ಲ. ಒಂದೇ ಗಾಳಿಯನ್ನು ಎಲ್ಲರೂ ಉಸಿರಾಡಿದ್ದೀರಿ, ನಿಮಗೆ ಸ್ಕ್ಯಾನ್‌ಗೆ ಕಾಸಿತ್ತು, ಅವರಿಗೆ ಇರುವುದಿಲ್ಲ. ಕಾರ್ಖಾನೆಗಳ ಕಾನೂನಿನಲ್ಲಿ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ, ಆದರೆ ನಮ್ಮಂಥ ಸಣ್ಣ ಶೆಡ್‌ಗಳು ಹೆಚ್ಚಾಗಿ ಆ ಲೆಕ್ಕಕ್ಕೇ ಸೇರುವುದಿಲ್ಲ. ರಾಜಸ್ಥಾನದಲ್ಲಿ 2019ರಲ್ಲಿ ಇಂಥ ಕಾರ್ಮಿಕರಿಗಾಗಿಯೇ ಒಂದು ನೀತಿ ತಂದರು. ಕರ್ನಾಟಕದ ಶಿಲ್ಪಿಗಳಿಗೂ ಅಂಥದ್ದು ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಶಿಷ್ಯ ಶೆಡ್ ಮುಂದುವರಿಸುವುದಾದರೆ ಬಾಡಿಗೆ ಎಷ್ಟು, ನಿಮ್ಮ ಹೆಸರು ಬಳಸಬಹುದಾ, ಎಷ್ಟು ವರ್ಷ, ಎಲ್ಲ ಛಾಪಾ ಕಾಗದದ ಮೇಲೆ ಬರೆದುಕೊಳ್ಳಿ. ಮಗನ ಹಾಗೆ ಇದ್ದಾನೆ ಅನ್ನುವ ಕಾರಣಕ್ಕೇ ಬರೆದುಕೊಳ್ಳಬೇಕು, ಆಗ ಹಾಗೇ ಉಳಿಯುತ್ತಾನೆ. ನೀರು ಹಾಯಿಸಿ ಕತ್ತರಿಸುವ ಕಟರ್, ಧೂಳು ಎಳೆಯುವ ಫ್ಯಾನ್, ಎನ್95 ಮಾಸ್ಕ್, ಇವು ಕರಾರಿನಲ್ಲೇ ಇರಲಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಲ್ಲು ಕೆತ್ತುವವರೂ ಸೇರಿದ್ದಾರೆ. ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷ, ಶೇ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಶಿಷ್ಯನಿಗೆ ನಿಮ್ಮ ಯಂತ್ರಗಳನ್ನು ಕೊಳ್ಳಲು ಇದು ಅನುಕೂಲ ಆಗಬಹುದು.

ಕಂಪ್ರೆಸರ್, ಗ್ರೈಂಡರ್, ಚೈನ್ ಪುಲ್ಲಿ ಎಲ್ಲ ಮಾರಿಬಿಡಿ. ಕೈ ಉಳಿಗಳನ್ನು, ಸುತ್ತಿಗೆಯನ್ನು ಇಟ್ಟುಕೊಳ್ಳಿ. ಬರೆಯುವಾಗ ಒಂದು ಚಾಣವನ್ನು, ಅಂದರೆ ಕಲ್ಲಿನ ಉಳಿಯನ್ನು ಕೈಯಲ್ಲಿ ಹಿಡಿದರೆ ಅದರ ತೂಕದ ಜೊತೆಗೇ ಬರುವ ನೆನಪು ಬೇರೆ ಯಾವುದರಿಂದಲೂ ಬರುವುದಿಲ್ಲ. ತೊಳೆದು ಇಡಿ. ಹಳೆಯ ಕೆಲಸದ ಬಟ್ಟೆ ಮಾತ್ರ ಮನೆಗೆ ತರಬೇಡಿ.

ದುಡ್ಡು

ಇಲ್ಲಿ ನೇರವಾಗಿ ಹೇಳಬೇಕು. ಕನ್ನಡದಲ್ಲಿ ಬರೆದು ಮನೆ ನಡೆಸುವವರು ಬೆರಳೆಣಿಕೆ. ಲೆಕ್ಕ ಸರಳ. ಲೇಖಕರಿಗೆ ಗೌರವಧನ ಸಾಮಾನ್ಯವಾಗಿ ಪುಸ್ತಕದ ಬೆಲೆಯ ಶೇ 10ರ ಆಸುಪಾಸು. 200 ರೂಪಾಯಿಯ ಪುಸ್ತಕ 1,000 ಪ್ರತಿ ಅಚ್ಚಾಗಿ ಎಲ್ಲವೂ ಖರ್ಚಾದರೆ ನಿಮಗೆ 20,000 ರೂಪಾಯಿ. ಅದು ಖರ್ಚಾಗಲು ವರ್ಷಗಳು ಹಿಡಿಯಬಹುದು. ಒಂದು ಮಧ್ಯಮ ಅಳತೆಯ ವಿಗ್ರಹಕ್ಕೆ ನೀವು ತೆಗೆದುಕೊಳ್ಳುತ್ತಿದ್ದ ಮುಂಗಡವೇ ಇದಕ್ಕಿಂತ ಜಾಸ್ತಿ ಇತ್ತು. ಬರವಣಿಗೆಯಿಂದ ಬರುವ ಆದಾಯವನ್ನು ಮೊದಲ ಮೂರು ವರ್ಷ ಸೊನ್ನೆ ಅಂತಲೇ ಹಿಡಿಯಿರಿ.

ಹಾಗಾದರೆ ಮನೆ ಹೇಗೆ ನಡೆಯಬೇಕು? ಕನಿಷ್ಠ ಎರಡು ವರ್ಷದ ಮನೆ ಖರ್ಚು ಮತ್ತು ಔಷಧಿ ಖರ್ಚು ಕೈಯಲ್ಲಿ ಸೇರುವವರೆಗೆ ಪೂರ್ತಿ ಬರಹಗಾರ ಅಂತ ಹೇಳಿಕೊಳ್ಳಬೇಡಿ, ಅಲ್ಲಿಯವರೆಗೆ ಧೂಳಿಲ್ಲದ ಶಿಲ್ಪದ ಕೆಲಸ ಮಾಡಿ. ರೇಖಾಚಿತ್ರ ಬರೆದುಕೊಡಬಹುದು. ಸಮಿತಿಗಳಿಗೆ ಮೂರ್ತಿಯ ಲಕ್ಷಣ, ಆಯುಧ, ಅಳತೆಯ ಬಗ್ಗೆ ಸಲಹೆ ಕೊಟ್ಟು ಸಂಭಾವನೆ ತೆಗೆದುಕೊಳ್ಳಬಹುದು. ಹುಡುಗರಿಗೆ ಮೂರ್ತಿಯ ಅಳತೆಯ ಲೆಕ್ಕವಾದ ತಾಳಮಾನ, ಡ್ರಾಯಿಂಗ್ ಹೇಳಿಕೊಡಬಹುದು. ನಿಮ್ಮ ತಲೆಯಲ್ಲಿರುವುದಕ್ಕೆ ಬೆಲೆ ಇದೆ, ಇಷ್ಟು ವರ್ಷ ಕೈಗೆ ಮಾತ್ರ ಬೆಲೆ ಹಾಕಿದ್ದೀರಿ ಅಷ್ಟೇ.

ಆರೋಗ್ಯ ವಿಮೆ ಇದ್ದರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಕಂತು ತಪ್ಪಿ ಪಾಲಿಸಿ ಹೋದರೆ, ಹೊಸದರಲ್ಲಿ ಈಗಿರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು, ಪಾಲಿಸಿಯನ್ನೇ ಕೊಡದೆಯೂ ಇರಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವು ಇದೆ. ಮನೆಯವರ ಜೊತೆ ಕೂತು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಹೆಂಡತಿಗೋ ಗಂಡನಿಗೋ ಗೊತ್ತಿಲ್ಲದೆ ಮಾಡುವ ತೀರ್ಮಾನ ಇದಲ್ಲ. ಅವರ ಹೆಗಲ ಮೇಲೆ ಏನು ಬೀಳುತ್ತದೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ.

ಬರೆಯುವ ಮೈ

ಈಗ ಬರವಣಿಗೆ. ಕೂತು ಮಾಡುವ ಕೆಲಸ, ಆಯಾಸ ಇರುವುದಿಲ್ಲ ಅಂದುಕೊಳ್ಳಬೇಡಿ. ಉಸಿರು ಕಡಿಮೆ ಇರುವವರಿಗೆ ಗಮನ ಕೊಟ್ಟು ಕೂರುವುದೂ ದಣಿವೇ. ದಿನದಲ್ಲಿ ನಿಮಗೆ ಉಸಿರು ಹಗುರವಾಗಿರುವ ಹೊತ್ತು ಯಾವುದು ನೋಡಿಕೊಂಡು ಅದನ್ನು ಬರವಣಿಗೆಗೆ ಕೊಡಿ. ಬ್ಯಾಂಕ್ ಕೆಲಸ, ಫೋನು, ಆಸ್ಪತ್ರೆ ಕಾಗದ ಎಲ್ಲ ಉಳಿದ ಹೊತ್ತಿಗೆ. ಮೇಜಿನ ಮೇಲೆ ಮೊಣಕೈ ಊರಿ ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಎಷ್ಟೋ ಜನಕ್ಕೆ ಉಸಿರಾಟ ಸುಲಭ ಆಗುತ್ತದೆ. ನೆಲದ ಮೇಲೆ ಕಾಲು ಮಡಚಿ ಕೆತ್ತುತ್ತಿದ್ದ ಹಾಗೆ ಕೂರಬೇಡಿ, ಹೊಟ್ಟೆ ಒತ್ತುತ್ತದೆ.

ವರ್ಷಗಟ್ಟಲೆ ಗ್ರೈಂಡರ್ ಹಿಡಿದವರಿಗೆ ಬೆರಳು ಜೋಮು ಹಿಡಿಯುವುದು, ಚಳಿಯಲ್ಲಿ ಬಿಳಿಚಿಕೊಳ್ಳುವುದು ಉಂಟು. ಅದು ಯಂತ್ರದ ಕಂಪನದಿಂದ ಬರುವ ತೊಂದರೆ, ಡಾಕ್ಟರ್‌ಗೆ ಹೇಳಿ. ಸಣ್ಣ ಪೆನ್ನು ಹಿಡಿಯಲು ಆಗದಿದ್ದರೆ ದಪ್ಪ ಪೆನ್ನು ತೆಗೆದುಕೊಳ್ಳಿ, ಇಲ್ಲವೇ ಫೋನಿನಲ್ಲಿ ಮಾತಾಡಿ ಬರೆಸಿ. ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮಾಡಿಕೊಡುವ ಸೌಲಭ್ಯ ಗೂಗಲ್‌ನ ಜಿಬೋರ್ಡ್ ಕೀಬೋರ್ಡ್‌ನಲ್ಲಿ ಇದೆ. ನಮ್ಮ ಕಸುಬಿನ ಪದಗಳು ಅದಕ್ಕೆ ಗೊತ್ತಿರುವುದಿಲ್ಲ, ಪ್ರಭಾವಳಿ, ಕೀರ್ತಿಮುಖ ಎಲ್ಲ ಏನೇನೋ ಆಗುತ್ತದೆ, ಆಮೇಲೆ ತಿದ್ದಿಕೊಳ್ಳಬಹುದು. ಮಾತಾಡಿದರೆ ಕೆಮ್ಮು ಬರುವವರು ಇದನ್ನು ಸ್ವಲ್ಪ ಸ್ವಲ್ಪವೇ ಮಾಡಿ. ಶೆಡ್ ಪಕ್ಕದ ಆಫೀಸ್ ರೂಮಿನಲ್ಲಿ ಮಾತ್ರ ಬರೆಯಲು ಕೂರಬೇಡಿ. ಅಲ್ಲಿನ ಕಪಾಟು, ಫೈಲು, ಫ್ಯಾನ್ ರೆಕ್ಕೆ ಎಲ್ಲದರ ಮೇಲೆ ಅದೇ ಧೂಳಿದೆ.

ಏನು ಬರೆಯಬೇಕು

ಕಾಯಿಲೆಯ ಕಥೆಯಿಂದ ಶುರು ಮಾಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ನನ್ನ ಸಲಹೆ, ಅದನ್ನು ಡೈರಿಯಲ್ಲಿ ಬರೆದಿಡಿ, ಆದರೆ ಮೊದಲು ಕಸುಬನ್ನು ಬರೆಯಿರಿ. ಆಸ್ಪತ್ರೆಯ ಅನುಭವ ಎಷ್ಟೋ ಜನಕ್ಕೆ ಇದೆ. ಕಲ್ಲನ್ನು ತಟ್ಟಿ ನಾದ ಕೇಳಿ, ಇದು ವಿಗ್ರಹಕ್ಕೆ ಆಗುತ್ತದೆ ಇದು ಆಗುವುದಿಲ್ಲ ಅಂತ ಹೇಳುವ ಕಿವಿ ಎಷ್ಟು ಜನಕ್ಕಿದೆ? ಮೂರ್ತಿಯ ಎತ್ತರವನ್ನು ಒಂಬತ್ತು ತಾಳಕ್ಕೆ ಹಂಚುವ ನವತಾಳದ 108 ಅಂಗುಲವನ್ನು ಕಲ್ಲಿನ ಮೇಲೆ ಇಳಿಸುವಾಗ, ಪುಸ್ತಕದ ಅಳತೆ ಬಿಟ್ಟು ಕಣ್ಣಿನ ಅಳತೆಗೆ ಬರುವ ಘಳಿಗೆ ಯಾವುದು? ಮುಕ್ಕಾಲು ಕೆತ್ತಿದ ಮೇಲೆ ಎದೆಯ ಹತ್ತಿರ ಸಣ್ಣ ಬಿರುಕು ಕಂಡರೆ ಆ ದಿನ ಶೆಡ್‌ನಲ್ಲಿ ಯಾರು ಯಾರಿಗೆ ಮೊದಲು ಹೇಳುತ್ತಾರೆ, ಆ ಕಲ್ಲನ್ನು ಎಲ್ಲಿ ಇಡುತ್ತಾರೆ, ನಷ್ಟ ಯಾರಿಗೆ? ಇದನ್ನು ಹೊರಗಿನವರು ಬಂದು ಕೇಳಿ ಬರೆಯಲು ಆಗುವುದಿಲ್ಲ. ನೀವು ಬರೆಯದಿದ್ದರೆ ಅದು ಹೋಯಿತು, ಅಷ್ಟೇ.

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆ ಆದದ್ದು 1117ರಲ್ಲಿ. ಅಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಮುಂದಿನ ಶತಮಾನದ ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೆಸರು ಸಿಕ್ಕಿತು, ಊರು ಸಿಕ್ಕಿತು, ಬಿರುದು ಸಿಕ್ಕಿತು. ಆದರೆ ಅಪ್ಪ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡುವಾಗ ಏನು ಮಾತಾಡಿಕೊಂಡರು, ಯಾವ ಕಲ್ಲಿಗೆ ಬೈದರು, ಸಂಜೆ ಏನು ಉಂಡರು, ಯಾರಿಗೆ ಕೆಮ್ಮು ಇತ್ತು, ಒಂದು ಅಕ್ಷರ ಇಲ್ಲ. ಕಲ್ಲಿನ ಮೇಲೆ ಶಾಸನ ಬಿಡಿಸಿದ ಕೈಗಳೂ ನಮ್ಮವರದ್ದೇ, ರಾಜರ ದಾನದ ಲೆಕ್ಕ ಅಷ್ಟು ಚೆನ್ನಾಗಿ ಕೆತ್ತಿದವರು ತಮ್ಮ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಬರೆದುಕೊಳ್ಳಲಿಲ್ಲ. ನನಗೆ ಬರೆಯಲು ಕೂರುವಾಗಲೆಲ್ಲ ತಳ್ಳುವುದು ಇದೇ.

ಕಸುಬಿನ ಪದಗಳನ್ನು ಬಿಡಬೇಡಿ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುತ್ತಿದ್ದ ಮೇದಾರ ಕೇತಯ್ಯ, ನೂಲುತ್ತಿದ್ದ ಕದಿರೆ ರೆಮ್ಮವ್ವೆ, ಇವರೆಲ್ಲ 12ನೇ ಶತಮಾನದಲ್ಲಿ ವಚನ ಕಟ್ಟಿದವರು. ರೆಮ್ಮವ್ವೆಯ ಒಂದು ವಚನ ರಾಟೆಯ ಒಂದೊಂದೇ ಭಾಗವನ್ನು ಹೆಸರಿಸುತ್ತಾ ನಡೆಯುತ್ತದೆ, ಅವು ಯಾವುವು ಅಂತ ವಿವರಿಸುವುದಿಲ್ಲ, ಆದರೂ ಇವತ್ತಿಗೂ ಅರ್ಥ ಆಗುತ್ತದೆ. ನೀವೂ ಚಾಣ ಅಂತಲೇ ಬರೆಯಿರಿ. ಅದು ಏನು ಮಾಡುತ್ತದೆ ಅನ್ನುವುದನ್ನು ಕೆಲಸದಲ್ಲಿ ತೋರಿಸಿದರೆ ಓದುವವರು ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಮುಖ್ಯವಾದದ್ದು, ಇದನ್ನು ಯಾವ ಬರವಣಿಗೆ ಕಲಿಸುವವರೂ ಶಿಲ್ಪಿಗಳಿಗೆ ಹೇಳುವುದಿಲ್ಲ. ಕಲ್ಲಿನಲ್ಲಿ ಬೇಡದ್ದನ್ನು ತೆಗೆದರೆ ಮೂರ್ತಿ ಬರುತ್ತದೆ, ಬರವಣಿಗೆಯೂ ಹಾಗೇ ಅಂತ ನಿಮಗೆ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಆ ಹೋಲಿಕೆ ನಮ್ಮನ್ನು ಹಾಳು ಮಾಡುತ್ತದೆ. ಕಲ್ಲಿನಲ್ಲಿ ಮೂಗಿನ ತುದಿ ಹಾರಿದರೆ ಹಾರಿತು, ಮತ್ತೆ ಅಂಟಿಸಿದರೆ ಪೂಜೆಗೆ ಬರುವುದಿಲ್ಲ. ಅದಕ್ಕೇ ನಾವು ಒಂದು ಏಟು ಹಾಕುವ ಮುಂಚೆ ಹತ್ತು ಸಲ ನೋಡುತ್ತೇವೆ. ಅದೇ ಅಭ್ಯಾಸದಲ್ಲಿ ಬರೆಯಲು ಕೂತರೆ ಮೊದಲ ವಾಕ್ಯವೇ ಹೊರಡುವುದಿಲ್ಲ, ಒಂದು ಸಾಲು ಬರೆದು ಅದನ್ನೇ ಗಂಟೆಗಟ್ಟಲೆ ನಯ ಮಾಡುತ್ತಾ ಕೂರುತ್ತೀರಿ. ಕಾಗದದ ಮೇಲೆ ತೆಗೆದದ್ದನ್ನು ಮತ್ತೆ ಇಡಬಹುದು. ಕೆಟ್ಟದಾಗಿ ಬರೆದದ್ದು ಯಾರಿಗೂ ನಷ್ಟ ಅಲ್ಲ. ಹಾಗಾಗಿ ಮೊದಲ ಸಲ ಬರೆಯುವಾಗ ಹಿಂದಿರುಗಿ ಓದಲೇಬೇಡಿ, ತಪ್ಪಿದ್ದರೂ ಮುಂದಕ್ಕೆ ಹೋಗಿ, ಮುಗಿದ ಮೇಲೆ ಒಂದು ವಾರ ಬಿಟ್ಟು ತಿದ್ದಿ. ತಿದ್ದುವ ಹೊತ್ತಿಗೆ ನಿಮ್ಮ ಹಳೆಯ ತಾಳ್ಮೆ ತಾನಾಗಿ ಕೆಲಸಕ್ಕೆ ಬರುತ್ತದೆ.

ಬರೆಯುವುದರ ಜೊತೆಗೆ ಓದಬೇಕು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಗ್ರಂಥಾಲಯದಲ್ಲಿ ಕಾರ್ಡ್ ಮಾಡಿಸಿ.

ಈಗ ಬದುಕಿರುವವರ ಬಗ್ಗೆ ಬರೆಯುವಾಗ ಕೈ ಬಿಗಿ ಹಿಡಿಯಿರಿ. ಕೂಲಿ ಬಾಕಿ ಉಳಿಸಿದ ಸಮಿತಿ, ಕೆಲಸ ಕದ್ದ ಜೊತೆಗಾರ, ಕೋಪ ಬರುವಂಥದ್ದು ಎಲ್ಲರ ಬದುಕಿನಲ್ಲೂ ಇದೆ. ನಡೆದದ್ದನ್ನು ಬರೆಯಿರಿ, ಹೆಸರು ಊರು ಬೇಡ. ಶಿಷ್ಯರ ಕಾಯಿಲೆ, ಅವರ ಮನೆಯ ಕಷ್ಟ ಬರೆಯುವುದಾದರೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಗುರುಗಳು ಬಾಯಿಂದ ಬಾಯಿಗೆ ಹೇಳಿಕೊಟ್ಟದ್ದನ್ನು ಅಚ್ಚು ಹಾಕಬಹುದಾ ಅನ್ನುವುದು ನಮ್ಮವರಲ್ಲಿ ದೊಡ್ಡ ಪ್ರಶ್ನೆ. ಗುರುಗಳು ಇದ್ದರೆ ಹೋಗಿ ಕೇಳಿ. ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಬೇಡ ಅಂದದ್ದನ್ನು ಬಿಟ್ಟು ಬರೆದರೂ ಬರೆಯಲು ಬೇಕಾದಷ್ಟು ಉಳಿಯುತ್ತದೆ.

ಎಲ್ಲಿಗೆ ಕಳಿಸಬೇಕು

ಮೊದಲೇ ಪುಸ್ತಕಕ್ಕೆ ಕೈ ಹಾಕಬೇಡಿ. 800, 1,000 ಪದದ ಬರಹಗಳನ್ನು ಭಾನುವಾರದ ಪುರವಣಿಗಳಿಗೆ, ಸುಧಾ, ತರಂಗದಂಥ ವಾರಪತ್ರಿಕೆಗಳಿಗೆ, ಕಥೆಯಾದರೆ ಮಯೂರ, ತುಷಾರಕ್ಕೆ ಕಳಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕಳಿಸಿದರೆ ಕೆಲವು ಕಡೆ ತೆರೆದುಕೊಳ್ಳುವುದೇ ಇಲ್ಲ. ಒಂದೇ ಬರಹವನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬಾರದು. ಉತ್ತರ ಬರದಿರುವುದು ಮಾಮೂಲಿ, ಅದನ್ನು ನಿಮ್ಮ ಕೆಲಸದ ಮೇಲಿನ ತೀರ್ಪು ಅಂತ ಓದಬೇಡಿ. ಒಂದೆರಡು ತಿಂಗಳು ನೋಡಿ ಬೇರೆ ಕಡೆ ಕಳಿಸಿ. ಶಿಲ್ಪಿಯಾಗಿ ಹೆಸರು ಇದ್ದವರಿಗೆ ಇದು ಜಾಸ್ತಿ ನೋಯುತ್ತದೆ, ಯಾಕೆಂದರೆ ಅಲ್ಲಿ ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಇಲ್ಲಿ ನೀವು ಹೊಸಬರು.

ಕಸುಬಿನ ಬಗ್ಗೆ ಗಂಭೀರವಾದ ಪುಸ್ತಕ ಆಗುವಷ್ಟು ಸೇರಿದ ಮೇಲೆ ಬೆಂಗಳೂರಿನ ಕರ್ನಾಟಕ ಶಿಲ್ಪಕಲಾ ಅಕಾಡೆಮಿಯನ್ನು ಒಮ್ಮೆ ವಿಚಾರಿಸಿ, ಶಿಲ್ಪಿಗಳ ಬಗ್ಗೆ, ಶಿಲ್ಪದ ಬಗ್ಗೆ ಅವರು ಪುಸ್ತಕ ತಂದಿದ್ದಾರೆ. ನೀವೇ ದುಡ್ಡು ಕೊಟ್ಟರೆ ಪುಸ್ತಕ ಮಾಡುತ್ತೇವೆ ಅನ್ನುವವರಿಗೆ ನಿಮ್ಮ ಔಷಧಿ ಹಣವನ್ನು ಕೊಡಬೇಡಿ. ಗ್ರಂಥಾಲಯ ಇಲಾಖೆ ಕೊಳ್ಳುತ್ತದೆ, ದುಡ್ಡು ವಾಪಸ್ ಬರುತ್ತದೆ ಅಂತ ಹೇಳಿದರೂ ಕೊಡಬೇಡಿ. ಆ ಹಣ ಬರುವುದು ತಡ ಅನ್ನುವುದು ಪ್ರಕಾಶಕರೇ ಹೇಳುವ ಮಾತು.

ಮತ್ತೆ ಕಲ್ಲು ಮುಟ್ಟಬೇಕು ಅನ್ನಿಸಿದರೆ

ಅನ್ನಿಸುತ್ತದೆ. ಯಾರದೋ ಪ್ರತಿಷ್ಠೆಗೆ ಹೋಗಿ ಬಂದ ರಾತ್ರಿ, ಹಳೆಯ ಗಿರಾಕಿ ಫೋನ್ ಮಾಡಿ ದೊಡ್ಡ ಮೊತ್ತ ಹೇಳಿದ ದಿನ, ಬರೆದದ್ದು ವಾಪಸ್ ಬಂದ ವಾರ. ಸಿಲಿಕೋಸಿಸ್ ಇದ್ದವರಿಗೆ ನನ್ನ ಉತ್ತರ ಒಂದೇ, ಬೇಡ. ಮಾಸ್ಕ್ ಹಾಕಿಕೊಂಡು ಸ್ವಲ್ಪ ಹೊತ್ತು ಅನ್ನುವುದೂ ಬೇಡ, ಶೆಡ್‌ನಲ್ಲಿ ಸ್ವಲ್ಪ ಹೊತ್ತು ಅನ್ನುವುದು ಯಾವತ್ತೂ ಸ್ವಲ್ಪ ಹೊತ್ತಾಗಿ ಉಳಿಯುವುದಿಲ್ಲ. ಬೇರೆ ಕಾಯಿಲೆಯಿಂದ ಬಿಟ್ಟವರು, ಶ್ವಾಸಕೋಶ ಚೆನ್ನಾಗಿರುವವರು, ಡಾಕ್ಟರ್ ಒಪ್ಪಿದರೆ ಬಯಲಿನಲ್ಲಿ, ಒದ್ದೆ ಕಲ್ಲಿನಲ್ಲಿ, ಕೈ ಉಳಿಯಲ್ಲಿ ಸಣ್ಣದೊಂದು ಮಾಡಿಕೊಳ್ಳಬಹುದು.

ಕೈ ಸುಮ್ಮನಿರದಿದ್ದರೆ ಚಿತ್ರ ಬರೆಯಿರಿ. ಪೆನ್ಸಿಲ್ ಮತ್ತು ದಪ್ಪ ಕಾಗದ ಸಾಕು. ನೀವು ಕೆತ್ತಿದ ಮೂರ್ತಿಗಳನ್ನು ನೆನಪಿನಿಂದ ಬಿಡಿಸಿ, ಪಕ್ಕದಲ್ಲಿ ಯಾವ ಊರು, ಯಾವ ವರ್ಷ, ಯಾವ ಕಲ್ಲು, ಜೊತೆಗೆ ಯಾರು ಕೂತಿದ್ದರು ಅಂತ ಬರೆಯಿರಿ. ಮುಂದೆ ಪುಸ್ತಕ ಮಾಡುವಾಗ ಇವೇ ಚಿತ್ರಗಳು ಬೇಕಾಗುತ್ತವೆ. ಫೋನು ಮಾಡುವ ಗಿರಾಕಿಗೆ ಶಿಷ್ಯನ ನಂಬರ್ ಕೊಡಿ, ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ ಮಾಡಿಸುವಾಗ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ.